ಮ್ಯೂಜಿಯಮ್ಮಿನ ಜೋಕುಮಾರ

ಅಕ್ಕಿಆಲೂರಿನಲ್ಲಿ ಅಂದು ನಡೆದ ಗದ್ದಲಕ್ಕೆಲ್ಲ ಮೂಲ ಗುಂಡೋಪಂತರ ಒಂದು ಧೋತರ. ಸಂಜೆ ನಾಲ್ಕಕ್ಕೆ ಧಾರವಾಡದ ಸಾಹೇಬರು ಬಂದು ಮ್ಯೂಜಿಯಂ ತೆರೆಯುವವರಿದ್ದರು. ಅದರ ಅಧ್ಯಕ್ಷರಾದ ಪಂತರು ಜರಿಯಂಚಿನ ಧೋತರ, ಕೋಟು, ರುಮಾಲು ಎಲ್ಲವನ್ನೂ ಮಡಿವಾಳರ ಮಾರೆಪ್ಪನಿಗೆ ಹಾಕಿದ್ದರು. ನಸುಕಿನಲ್ಲೇ ಒಗೆದು, ಮಧ್ಯಾಹ್ನದೊಳಗೆ ಇಸ್ತ್ರಿ ಮಾಡಿ ಕೊಡುವುದೆಂದು ಮಾತಾಗಿತ್ತು. ಬೆಳಗಿನ ಚಹದ ಹೊತ್ತಿಗೆ ಮಾರೆಪ್ಪ ಮ್ಯೂಜಿಯಮ್ಮಿಗೆ ಬಂದ, ಆದರೆ ಬರಿಗೈಲಿ ಬಂದ.

“ಧೋತರ ಎಲ್ಲದಪಾ?” ಎಂದರು ಪಂತರು. ಅವರ ಮೈಮೇಲೆ ತೂತು ಬಿದ್ದ ಬನಿಯನ್, ಸೊಂಟಕ್ಕೆ ಹೆಂಡತಿಯ ಹಳೆಯ ಸೀರೆಯ ತುಂಡು.

“ಗಂಟಿನ್ಯಾಗ ಐತ್ರಿ ರಾಯರ. ಒಗಿಯಾಕ ಬರಂಗಿಲ್ರಿ.”

“ಯಾಕ?”

“ಜೋಕುಮಾರ ಸತ್ತಿಲ್ರಿ.”

ಪಂತರಿಗೆ ತಲೆಬುಡ ತಿಳಿಯಲಿಲ್ಲ. ಪಕ್ಕದಲ್ಲಿ ಕುರ್ಚಿ ಒರೆಸುತ್ತಿದ್ದ ಮೈಲಾರಪ್ಪನಿಗೆ ಮಾತ್ರ ಪೂರ್ತಿ ತಿಳಿಯಿತು. ಅವನು ಒರೆಸಿದ ಕುರ್ಚಿಯನ್ನೇ ಮತ್ತೆ ಒರೆಸತೊಡಗಿದ.

ಈ ಮೈಲಾರಪ್ಪ ಯಾರು, ಮ್ಯೂಜಿಯಂ ಎಲ್ಲಿಂದ ಬಂತು ಎಂಬುದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಮ್ಯೂಜಿಯಂ ಹುಟ್ಟಿದ್ದು ಒಂದು ಜಗಳದಿಂದ. ಶಿರಸ್ತೇದಾರಿಕೆ ಮುಗಿಸಿ ಪೆನ್ಶನ್ ಪಡೆದ ಹೊಸತರಲ್ಲಿ ಗುಂಡೋಪಂತರು ಚಕ್ಕಡಿಯಲ್ಲಿ ಹಿರೇಕೆರೂರಿಗೆ ಹೊರಟಿದ್ದರು. ದಾರಿಯಲ್ಲಿ ಒಬ್ಬ ಗುತ್ತಿಗೆದಾರ ರಸ್ತೆಗೆ ಹಾಕಲು ಜಲ್ಲಿ ಒಡೆಸುತ್ತಿದ್ದ. ಸುತ್ತಿಗೆಯ ಕೆಳಗಿದ್ದದ್ದು ಒಂದು ವೀರಗಲ್ಲು. ವೀರನ ಕುದುರೆ ಆಗಲೇ ಜಲ್ಲಿಯಾಗಿತ್ತು, ವೀರ ಮಾತ್ರ ಉಳಿದಿದ್ದ. ಪಂತರು ಚಕ್ಕಡಿ ಇಳಿದವರೇ ಆ ಕಲ್ಲಿನ ಮೇಲೆ ಕುಳಿತುಬಿಟ್ಟರು. ಹೊತ್ತು ಮುಳುಗುವವರೆಗೆ ಏಳಲಿಲ್ಲ. ಕೊನೆಗೆ ಗುತ್ತಿಗೆದಾರನೇ ಬೇಸತ್ತು, ಈ ಮುದುಕ ಹೋದರೆ ಸಾಕೆಂದು ಕಲ್ಲನ್ನು ಚಕ್ಕಡಿಗೆ ಏರಿಸಿಕೊಟ್ಟ.

ಅದು ಮೊದಲ ವಸ್ತು. ಆಮೇಲೆ ಆಡೂರಿನ ಶಾಸನವನ್ನು ಕಾಗದದ ಮೇಲೆ ಒತ್ತಿ ತೆಗೆದ ಅಚ್ಚು ಬಂತು, ಸವಣೂರಿನ ಒಂದು ಮನೆತನದಿಂದ ಹಿಡಿಯಿಲ್ಲದ ಕತ್ತಿ ಬಂತು, ಶಿಗ್ಗಾಂವಿಯ ಕಡೆಯಿಂದ ಯಾರೂ ಅಳೆಯದ ಹಳೆಯ ಕೊಳಗ ಬಂತು. ಪೇಟೆಯ ಹಿಂದೆ ಬಿಟ್ಟುಹೋಗಿದ್ದ ಚಾವಡಿಯಲ್ಲಿ ಎಲ್ಲವನ್ನೂ ಇಟ್ಟು, ಬಾಗಿಲ ಮೇಲೆ ಪಂತರು ತಮ್ಮ ಕೈಯಾರೆ ಬಣ್ಣದಲ್ಲಿ ಬರೆದರು: ‘ಹಾಳಾಗುವುದನ್ನು ಉಳಿಸುವುದೇ ನಮ್ಮ ಧ್ಯೇಯ.’ ಊರವರು ಅದನ್ನು ಓದಿ ತಲೆದೂಗಿ, ‘ಹಳೇ ಸಾಮಾನಿನ ಮನಿ’ ಎಂದು ಹೆಸರಿಟ್ಟರು.

ಆ ಮನೆಯ ಧೂಳು ಹೊಡೆಯುವವನು, ಸಾಮಾನು ತರುವವನು, ಬೀಗ ಹಾಕುವವನು ಎಲ್ಲ ಮೈಲಾರಪ್ಪನೇ. ಹಂಗಾಮಿ ಗುಮಾಸ್ತನ ನೌಕರಿ. ಸಾಹೇಬರು ಮೆಚ್ಚಿ ಸರಕಾರದ ಗ್ರಾಂಟು ಕೊಟ್ಟರೆ ಅವನು ಕಾಯಂ. ಆಗದಿದ್ದರೆ ಅವನಿಗಾಗಿ ಇನ್ನೊಂದು ಜಾಗ ಕಾದಿತ್ತು: ಮಾವ ಶಿದ್ಲಿಂಗಪ್ಪನ ಅಕ್ಕಿ ಮಿಲ್ಲಿನಲ್ಲಿ ತೌಡು, ಹೊಟ್ಟು ಮಾರುವ ಮೂಲೆ. “ಈ ಸಾರಿ ಕಾಯಂ ಆಗ್ಲಿಲ್ಲಂದ್ರ ಮಾತಾಡದ ಬಂದು ತೌಡಿನ ಕಡೆ ಕುಂದರಬೇಕು” ಎಂದು ಮಾವ ಬೀಗರ ಮುಂದೆಯೇ ಹೇಳಿಬಿಟ್ಟಿದ್ದ. ಮೈಲಾರಪ್ಪನಿಗೆ ತೌಡು ಕಂಡರೇ ಸೀನು ಬರುತ್ತಿತ್ತು. ಮನೆಯಳಿಯನಾಗುವುದನ್ನು ನೆನೆದರೆ ಅದಕ್ಕಿಂತ ಹೆಚ್ಚಿನ ಸಂಕಟವಾಗುತ್ತಿತ್ತು.

ಈ ನಡುವೆ ಜೋಕುಮಾರ ಎಲ್ಲಿಂದ ಬಂದನೆಂದರೆ, ಪಂತರ ತಲೆಯಿಂದ ಬಂದ. ಭಾದ್ರಪದದಲ್ಲಿ ಗಣಪತಿ ಹೋದ ಮೇಲೆ ಹುಟ್ಟುವ ಹಸಿಮಣ್ಣಿನ ದೇವರು ಅವನು. ದಪ್ಪ ಮೀಸೆ, ಬಿಟ್ಟ ಕಣ್ಣು, ಹೆಣ್ಣುಮಕ್ಕಳ ಗೀಳು. ಅಂಬಿಗರ ಹೆಂಗಸರು ಬುಟ್ಟಿಯಲ್ಲಿ ಬೇವಿನ ಸೊಪ್ಪು ಹಾಸಿ, ಅವನನ್ನು ಕೂರಿಸಿಕೊಂಡು ಹಾಡು ಹೇಳುತ್ತ ಮನೆಮನೆ ತಿರುಗುತ್ತಾರೆ. ಮನೆಯವರು ಅವನ ಬಾಯಿಗೆ ಬೆಣ್ಣೆ ಮೆತ್ತಿ ಕಾಳು ನೀಡುತ್ತಾರೆ. ಅವನ ಆಯುಷ್ಯ ಏಳೇ ದಿನ. ಹುಣ್ಣಿಮೆಗೆ ಮಡಿವಾಳರು ಒನಕೆಯಿಂದ ಹೊಡೆದು ಒಡೆದು, ಬಟ್ಟೆ ಒಗೆಯುವ ಕಲ್ಲಿನ ಕೆಳಗೆ ಹಾಕುತ್ತಾರೆ. ಸತ್ತವನು ಶಿವನ ಹತ್ತಿರ ಹೋಗಿ ಭೂಮಿಯವರ ಕಷ್ಟ ಹೇಳಿ ಮಳೆ ಕಳಿಸುತ್ತಾನೆ. ಅಲ್ಲಿಂದ ಮೂರು ದಿನ ಮಡಿವಾಳರು ಕಲ್ಲಿನ ಹತ್ತಿರ ಸುಳಿಯುವುದಿಲ್ಲ. ಮೂರನೆಯ ದಿನ ಅವನ ಹೆಸರಿನಲ್ಲಿ ಎಡೆ ಹಿಡಿದು ಮತ್ತೆ ಕೆಲಸ ಹಿಡಿಯುತ್ತಾರೆ. ಅಂದು ಮೂರನೆಯ ದಿನ.

“ಕಲ್ಲು, ಕತ್ತಿ ಎಲ್ಲಾ ಕಡೆ ಅವ,” ಎಂದಿದ್ದರು ಪಂತರು. “ಜೋಕುಮಾರನ್ನ ನೋಡು. ವರ್ಷಾ ಹುಟ್ಟಸ್ತಾರ, ವರ್ಷಾ ಒಡೀತಾರ. ಇಷ್ಟು ತಪ್ಪದ ಹಾಳಾಗೂದು ಈ ನಾಡಿನೊಳಗ ಬ್ಯಾರೆ ಏನದ ಹೇಳು? ಅದನ್ನೇ ಉಳಸಬೇಕು. ಆದ್ರ ಖರೇ ಜೋಕುಮಾರ ಬೇಕು. ಮನಿ ಮನಿ ತಿರುಗಿ ಬೆಣ್ಣಿ ತಿಂದಾಂವ. ಕುಂಬಾರ ಮಾಡಿಕೊಟ್ಟ ಬರೇ ಗೊಂಬಿ ನಡಿಯೂದಿಲ್ಲ.”

ಬುಟ್ಟಿ ಹೊರುವ ಅಂಬಿಗರ ಹೊಳೆವ್ವನನ್ನು ಮೈಲಾರಪ್ಪ ಕೇಳಿ ನೋಡಿದ. “ಸಾಯೂ ದ್ಯಾವರನ್ನ ಸಾಯಾಕ ಬಿಡ್ರಿ ಅಣ್ಣಾರ” ಎಂದು ಅವಳು ಹೇಳಿ ಹೋದಳು. ಆಗ ಅವನು ಕುಂಬಾರ ಗುದ್ಲೆಪ್ಪನಿಂದ ಅಂಥದೇ ಇನ್ನೊಂದನ್ನು ಮಾಡಿಸಿದ. ಹುಣ್ಣಿಮೆಯ ದಿನ ಹೊಳೆವ್ವ ಅವನ ಓಣಿಗೆ ಬಂದಾಗ, ಹೆಂಡತಿ ದಾನವ್ವನಿಗೆ ಹೇಳಿ ಅವಳನ್ನು ಊಟಕ್ಕೆ ಒಳಗೆ ಕರೆಸಿದ. ಬುಟ್ಟಿ ಕಟ್ಟೆಯ ಮೇಲಿತ್ತು. ಅವಳು ರೊಟ್ಟಿ ಮುರಿಯುವಷ್ಟರಲ್ಲಿ ಹೊಸ ಜೋಕುಮಾರ ಬುಟ್ಟಿ ಸೇರಿದ್ದ, ಹಳಬ ಚೀಲ ಸೇರಿದ್ದ. ಪಂತರಿಗೆ ಮಾತ್ರ, “ಹೊಳೆವ್ವ ಮನಸಾರೆ ಕೊಟ್ಟಾಳ್ರಿ” ಎಂದ. ಪಂತರು ಹಿಗ್ಗಿ, ಹೊಳೆವ್ವನಿಗೆ ಸಾಹೇಬರ ಕೈಯಿಂದ ಒಂದು ಸೀರೆ ಕೊಡಿಸುವುದೆಂದು ನಿಶ್ಚಯಿಸಿದರು.

ಈಗ ಮಾರೆಪ್ಪ ಕಟ್ಟೆಗೆ ಬೆನ್ನು ಕೊಟ್ಟು ನಿಂತು, ಆ ಹುಣ್ಣಿಮೆಯ ಸಂಗತಿ ಹೇಳುತ್ತಿದ್ದ.

“ಒನಕಿ ಎತ್ತಿ ಹಾಕಿದೆ. ಒಡೀಲಿಲ್ರಿ. ಮೆತ್ತಗಾದ. ಮೊಸರಿನ್ಯಾಗ ಕೈ ಹಾಕಿದಂಗಾತು. ಏಳ ದಿನಾ ಊರ ತಿರುಗಿದಾಂವ ಹಂಗ ಹಸೀ ಇರ್ತಾನೇನ್ರಿ? ಎರಡು ದಿನಾ ವಿಚಾರ ಮಾಡಿದೆ. ಅಂವ ಯಾವನೋ ಬ್ಯಾರೆ. ಖರೇ ಜೋಕುಮಾರ ಇನ್ನೂ ಊರಾಗ ಅದಾನ. ಸಾಯದಾಂವಗ ಎಡಿ ಹ್ಯಾಂಗ ಹಿಡೀಲಿ? ಎಡಿ ಹಿಡೀದ ಕಲ್ಲ ಹ್ಯಾಂಗ ಮುಟ್ಲಿ?”

ಪಂತರ ಬಾಯಿ ತೆರೆಯಿತು. ಅವರು ಏನು ಹೇಳಲಿದ್ದಾರೆಂದು ತಿಳಿದ ಮೈಲಾರಪ್ಪ, “ಮಾರೆಪ್ಪಾ, ನೀ ನಡಿ, ನಾ ನಿನ್ನ ಹಿಂದನ ಬಂದೆ” ಎಂದು ಅವನ ಬೆನ್ನಿಗೆ ಕೈ ಹಚ್ಚಿ ಹೊರಗೆ ಕಳಿಸಿದ.

ಪಂತರು ಅವನನ್ನು ಕಂಬದ ಮರೆಗೆ ಕರೆದರು. “ಇವರನ್ನೆಲ್ಲಾ ಒಪ್ಪಿಸೀನಿ ಅಂದಿದ್ದಿ?”

“ಒಪ್ಪಿಸೇನ್ರಿ. ಮಾರೆಪ್ಪಗೊಬ್ಬಗ ಹೇಳೂದು ಮರತಿತ್ರಿ.”

“ಹಂಗಾದ್ರ ಈಗ ಹೋಗಿ ಹೇಳು. ನಾಲ್ಕ ಗಂಟೆಕ್ಕ ಜೋಕುಮಾರ ಒಳಗಿರಬೇಕು, ಧೋತರ ನನ್ನ ಮೈಮ್ಯಾಲಿರಬೇಕು. ಎರಡರೊಳಗ ಯಾವುದು ತಪ್ಪಿದ್ರೂ ಕಾಯಂ ಮಾತು ಬಿಟ್ಟಬಿಡು.” ಒಳಗೆ ಕಾಲಿಟ್ಟವರು ಮತ್ತೆ ತಿರುಗಿದರು. “ಮತ್ತ ಆ ಮೂಲ್ಯಾಗಿನ ಸೋರೂ ಗಡಗಿ ತೆಗಿ. ಸಾಹೇಬರು ನೋಡಿದ್ರ ಚಂದ ಕಾಣಸೂದಿಲ್ಲ. ಅಲ್ಲಿ ಮೇಜು ಹಾಕಿ, ಅರಿವಿ ಮುಚ್ಚಿ ಜೋಕುಮಾರನ್ನ ಇಡು.”

ಮಂಗಗಳು ಚಾವಡಿಯ ಹಂಚು ಒಡೆದು ಹಾಕಿದ್ದವು. ಸೋರುವ ಕಡೆ ಮೈಲಾರಪ್ಪ ಒಂದು ಗಡಿಗೆ ಇಟ್ಟಿದ್ದ. ಆದರೆ ಈ ವರ್ಷ ಹುಬ್ಬಿ ನಕ್ಷತ್ರದ ಮಳೆ ಕೈಕೊಟ್ಟು ಗಡಿಗೆ ಒಣಗಿಯೇ ಇತ್ತು. ಅದನ್ನು ತೆಗೆದು ಹಿತ್ತಲಿಗೆ ಹಾಕಿದ.

ಮೈಲಾರಪ್ಪ ಮಾರೆಪ್ಪನ ಮನೆ ಮುಟ್ಟುವ ಮೊದಲೇ ಸುದ್ದಿ ಊರನ್ನು ಮುಟ್ಟಿತ್ತು. ಯುದ್ಧದ ಕಾಲ, ಅಂಗಡಿಯಲ್ಲಿ ಬಟ್ಟೆ ಸಿಗುತ್ತಿರಲಿಲ್ಲ. ಇದ್ದ ಎರಡು ಜೊತೆಯಲ್ಲಿ ಒಂದು ಮೈಮೇಲೆ, ಒಂದು ಮಾರೆಪ್ಪನ ಗಂಟಿನಲ್ಲಿ. ಹೀಗಾಗಿ ಊರಿನ ಅರ್ಧ ಜನ ಮಾರೆಪ್ಪನ ಬಾಗಿಲಲ್ಲಿ ನಿಂತಿದ್ದರು. ಉಳಿದರ್ಧ ಜನ ಹೆಂಗಸರು, ಅವರು ಮನೆಯ ಬಾಗಿಲು ಹಾಕಿಕೊಂಡಿದ್ದರು. ಜೋಕುಮಾರ ಸಾಯದೆ ಊರಲ್ಲೇ ತಿರುಗುತ್ತಿದ್ದಾನೆಂದರೆ ಯಾರು ತಾನೇ ನೀರಿಗೆ ಹೋದಾರು? ಕೆರೆಯ ಮೆಟ್ಟಿಲ ಮೇಲೆ ಗಂಡಸರೇ ಕೊಡ ತುಂಬುತ್ತಿದ್ದರು. ತುಂಬಲು ಬಾರದೆ ಮೈಯೆಲ್ಲ ತೋಯಿಸಿಕೊಂಡು, ಬದಲಿಸಲು ಬಟ್ಟೆಯಿಲ್ಲದೆ ಅವರೂ ಮಾರೆಪ್ಪನನ್ನೇ ಬೈಯುತ್ತಿದ್ದರು.

ಬೆಣ್ಣೆ ಮಾರುವ ರಹಿಮಾಬಿ ಬಾಗಿಲ ಸಂದಿಯಿಂದಲೇ ಮೈಲಾರಪ್ಪನನ್ನು ಕೂಗಿ ನಿಲ್ಲಿಸಿದಳು. “ಅಣ್ಣಾ, ಬೆಳಗ್ಗೆ ಎದ್ದು ನೋಡಿದ್ರ ಬೆಣ್ಣಿ ಗಡಗಿ ಅರ್ಧಾ ಖಾಲಿ. ನಮ್ಮ ಮನ್ಯಾಗ ಬೆಕ್ಕಿಲ್ಲ. ಮತ್ತ್ಯಾರು ತಿಂದ್ರು?”

“ಬಾಜೂ ಮನಿ ಬೆಕ್ಕು ತಿಂದಿರಬೇಕವಾ.”

“ಬೆಕ್ಕು ತಿಂದ್ರ ಮುಚ್ಚಳಾ ಮತ್ತ ಮುಚ್ಚಿಡತೈತೇನು? ಇದು ಅವನದ ಕೆಲಸ. ಸಿಗ್ಲಿ, ಬೆಣ್ಣಿ ಲೆಕ್ಕಾ ಕೇಳ್ತೇನಿ.”

ಮಾರೆಪ್ಪ ತನ್ನ ಮಾತು ಬದಲಿಸಲಿಲ್ಲ. “ಖರೇ ಜೋಕುಮಾರನ್ನ ತಂದ ಕೊಡ್ರಿ ಗುಮಾಸ್ತರ. ಅರ್ಧಾ ತಾಸಿನ್ಯಾಗ ಎಲ್ಲಾ ಮುಗಸ್ತೇನಿ. ಆಮ್ಯಾಲೆ ರಾಯರ ಧೋತರಾನ ಮೊದಲ.” ಸುತ್ತ ನಿಂತವರೆಲ್ಲ ಹೂಂ ಎಂದರು. ಒಬ್ಬ ರೈತ ಆಕಾಶ ನೋಡಿ, “ಅಂವ ಇಲ್ಲೇ ಕುಂತ್ರ ಶಿವಗ ಹೇಳಾವ್ರು ಯಾರು? ಭತ್ತ ಒಣಗಾಕತ್ತಾವ” ಎಂದ. ಆ ಮಾತು ಮೈಲಾರಪ್ಪನಿಗೆ ಚುಚ್ಚಿತು. ಮೋಡ ಕವಿದೇ ಇತ್ತು, ಹನಿ ಮಾತ್ರ ಬಿದ್ದಿರಲಿಲ್ಲ. ಸುಮ್ಮನೆ ತಲೆ ತಗ್ಗಿಸಿ ಮನೆಗೆ ಬಂದ.

ದಾನವ್ವ ಬಾಗಿಲು ತೆರೆಯುವ ಮೊದಲು, “ಯಾರು?” ಎಂದು ಮೂರು ಸಲ ಕೇಳಿ, ಕಿಂಡಿಯಿಂದ ನೋಡಿ ಒಳಗೆ ಬಿಟ್ಟಳು.

“ಆವತ್ತ ಹೊಳೆವ್ವನ್ನ ಊಟಕ್ಕ ಕರಿ ಅಂದ್ರಲ್ಲ, ಇದರ ಸಲುವಾಗೇ ಅಲ್ಲೇನ್ರಿ?” ಎಂದಳು. “ನನ್ನ ಗಂಡಗೂ ಒಮ್ಮೆ ಹತ್ತಮಂದಿಗೆ ಉಣಸೂ ಬುದ್ಧಿ ಬಂತು ಅಂತ ನಾ ಹಿಗ್ಗಿದ್ದೆ. ನನ್ನ ಕಡೆ ರೊಟ್ಟಿ ಬಡಿಸಿ, ನೀವು ಬುಟ್ಟ್ಯಾಗ ಕೈ ಹಾಕಿದ್ರಿ.”

“ಕಾಯಂ ಆಗ್ಬೇಕೋ ಬ್ಯಾಡೋ?”

“ಆಗ್ಬೇಕು. ನೀವು ತೌಡಿನ್ಯಾಗ ಕುಂದರೂದು, ನಮ್ಮಣ್ಣನ ಹೇಂತಿ ನನ್ನ ನೋಡಿ ಸೆರಗಿನ್ಯಾಗ ನಗೂದು, ಅದು ನನಗ ಬ್ಯಾಡ.” ದಾನವ್ವನ ಕಣ್ಣು ತುಂಬಿ ಬಂತು. ಅದನ್ನು ಒರೆಸಿಕೊಂಡು, ಅದೇ ಉಸಿರಿನಲ್ಲಿ ದಾರಿಯನ್ನೂ ಹೇಳಿದಳು. “ಖರೇದನ್ನ ಮಾರೆಪ್ಪಗ ಕೊಡ್ರಿ. ಖೊಟ್ಟಿದನ್ನ ಸಾಹೇಬಗ ತೋರಸ್ರಿ. ಸಾಹೇಬೇನು ಅವನ ಬಾಯಿಗೆ ಬೆಣ್ಣಿ ಹಚ್ಚ್ಯಾನೇನು, ಗುರುತ ಹಿಡ್ಯಾಕ?”

ಇಷ್ಟು ಸರಳ ಮಾತು ತನಗೇಕೆ ಹೊಳೆಯಲಿಲ್ಲ ಎಂದು ಮೈಲಾರಪ್ಪ ಹಣೆ ಚಚ್ಚಿಕೊಂಡು ಕುಂಬಾರ ಓಣಿಗೆ ಓಡಿದ.

“ಮತ್ತೊಂದಾ?” ಎಂದ ಗುದ್ಲೆಪ್ಪ. “ಜೋಕುಮಾರ ನಿಮ್ಮ ಮನ್ಯಾಗ ಸಂಸಾರ ಹೂಡ್ಯಾನೇನ್ರಿ?” ಆದರೂ ಮಣ್ಣು ತೆಗೆದುಕೊಂಡು ಕುಳಿತ. ನೋಡನೋಡುತ್ತ ಮೀಸೆ ಬಂತು, ಕಣ್ಣು ಬಂತು. “ಆದ್ರ ಒಣಗಸೂದು ಹ್ಯಾಂಗ್ರಿ? ಬಿಸಲ ಇಲ್ಲ.”

“ಆವಿಗ್ಯಾಗ ಹಾಕು.”

“ಸುಟ್ಟರ ಅಂವ ಗಡಗಿ ಆಗ್ತಾನ್ರಿ, ದ್ಯಾವರಾಗಂಗಿಲ್ಲ. ಹೊಟ್ಟಿನ ಕೆಂಡದ ಮ್ಯಾಲ ಹಿಡದ್ರ ಮ್ಯಾಲ ಮ್ಯಾಲ ಆರ್ತಾನ. ಹೊಟ್ಟು ತರ್ರಿ.”

ಊರಲ್ಲಿ ಹೊಟ್ಟು ಎಂದರೆ ಮಾವನ ಮಿಲ್ಲು. ಶಿದ್ಲಿಂಗಪ್ಪ ಗಾದಿಯ ಮೇಲೆ ಕುಳಿತು ಅಡಕೆ ಕತ್ತರಿಸುತ್ತಿದ್ದ. ಅಳಿಯನನ್ನು ಕಂಡು ಅವನ ಮುಖ ಅರಳಿತು.

“ಬರ್ರಿ, ಬರ್ರಿ. ಸಂಜಿಗೆ ಬರ್ತೀರಿ ಅಂತ ತಿಳಿದಿದ್ದೆ, ಮಧ್ಯಾಹ್ನನ ಬಂದ್ರಿ. ತೌಡಿನ ಮೂಲ್ಯಾಗ ಹೊಸಾ ಚಾಪಿ ಹಾಸಿಸೇನಿ.”

“ಅದಕ್ಕಲ್ರಿ ಮಾವಾರ. ಒಂದ ಚೀಲ ಹೊಟ್ಟು ಬೇಕಾಗಿತ್ತು.”

“ಹೊಟ್ಟೂ ಮ್ಯೂಜಿಯಮ್ಮಿಗೆ ಸೇರಸ್ತೀರೇನು?” ಶಿದ್ಲಿಂಗಪ್ಪ ಆಳಿಗೆ ಕೈ ಮಾಡಿ ಚೀಲ ಕೊಡಿಸಿದ. “ಸಂಜಿಗೆ ನಾನೂ ಬರ್ತೇನಿ. ಕಾಯಂ ಆದ್ರಿ, ಪೇಢೆ ಕೊಡಸ್ತೇನಿ. ಇಲ್ಲಾ, ಅಲ್ಲಿಂದ ಕೂಡೇ ಬರೂಣು.”

ಕೆಂಡದ ಮೇಲೆ ತಿರುಗಿಸಿ ತಿರುಗಿಸಿ ಹಿಡಿದ ಮೇಲೆ ಜೋಕುಮಾರ ಮೇಲ್ನೋಟಕ್ಕೆ ಒಣಗಿದ. “ಒಳಗಿನ್ನೂ ಹಸೀ ಅದಾನ್ರಿ, ನೀರ ತಾಗಿಸಬ್ಯಾಡ್ರಿ” ಎಂದು ಗುದ್ಲೆಪ್ಪ ಹೇಳಿದ್ದನ್ನು ಮೈಲಾರಪ್ಪ ಅರ್ಧ ಕೇಳಿಸಿಕೊಂಡ. ರಹಿಮಾಬಿಯ ಮನೆಗೆ ಹೋಗಿ ಒಂದಿಷ್ಟು ಬೆಣ್ಣೆ ಬೇಡಿದ. “ಯಾರ ಬಾಯಿಗೆ?” ಎಂದಳು ಅವಳು. “ನಮ್ಮ ಬಾಯಿಗೇ” ಎಂದು ಹೇಳಿ ತಂದು, ಚಾವಡಿಯ ಹಿಂಬಾಗಿಲಿನಿಂದ ಹೊಕ್ಕು, ಹೊಸಬನ ಬಾಯಿಗೆ ಮೆತ್ತಿ ಮೇಜಿನ ಮೇಲೆ ಕೂರಿಸಿ ಅರಿವೆ ಮುಚ್ಚಿದ. ಮುಂದಿನ ಕೋಣೆಯಲ್ಲಿ ಪಂತರು ಬನಿಯನ್ನಿನಲ್ಲಿಯೇ ನಿಂತು ಭಾಷಣ ಬಾಯಿಪಾಠ ಮಾಡುತ್ತಿದ್ದರು. ಅಲ್ಲೇ ಚೀಲದಲ್ಲಿದ್ದ ಹಳೆಯ ಜೋಕುಮಾರನನ್ನು ತೆಗೆದು ಬುಟ್ಟಿಗೆ ಹಾಕಿ, ಮೇಲೆ ಹೊಟ್ಟು ಸುರುವಿ, ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಮೈಲಾರಪ್ಪ ಹಿತ್ತಲು ದಾಟಿದ.

ಹಿತ್ತಲ ಆಚೆಯ ಓಣಿಯಲ್ಲಿ ಹೊಳೆವ್ವ ನಿಂತಿದ್ದಳು.

“ಅಣ್ಣಾರ, ರಾಯರು ಸಂಜಿಗೆ ಬಾ ಅಂತ ಹೇಳಿ ಕಳಿಸ್ಯಾರ. ಯಾಕಂತ ಕೇಳೂಣಂತ ಬಂದೆ.” ಅವಳ ಕಣ್ಣು ಬುಟ್ಟಿಯ ಮೇಲಿತ್ತು. “ಏನೈತಿ ಅದರಾಗ?”

“ಹೊಟ್ಟು.”

ಬುಟ್ಟಿಯ ಅಂಚಿನಲ್ಲಿ ಒಣಗಿದ ಬೇವಿನ ಎಲೆಯೊಂದು ಅಂಟಿಕೊಂಡಿತ್ತು. ಹೊಳೆವ್ವ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು. ಬೈಯುತ್ತಾಳೆಂದು ಮೈಲಾರಪ್ಪ ಕಣ್ಣು ಮುಚ್ಚಿಕೊಂಡ. ಅವಳು ಬೈಯಲಿಲ್ಲ.

“ನಡೀರಿ, ನಾನೂ ಬರ್ತೇನಿ. ಹೊತ್ತು ತಿರುಗಿದಾಕಿ ನಾನು, ಕಳಸೂದನ್ನ ನೋಡಬೇಕಲ್ಲ.”

“ಹೊಳೆವ್ವಾ, ತಪ್ಪಾತವಾ. ಸಂಜಿಗೆ ಅಲ್ಲಿ ಏನೂ ಅನಬ್ಯಾಡ.”

“ನಾ ಯಾಕ ಅನ್ಲಿ? ಕೇಳಿದ್ರ ಹೇಳ್ತೇನಿ, ಕೇಳದಿದ್ರ ಇಲ್ಲ.”

ಮಾರೆಪ್ಪ ಜೋಕುಮಾರನನ್ನು ಅಂಗೈ ಮೇಲಿಟ್ಟು ತೂಗಿ, ಬಾಯಿಯ ಕಡೆ ಮೂಗು ಹಿಡಿದು ನೋಡಿದ. ಏಳು ದಿನದ ಬೆಣ್ಣೆಯ ವಾಸನೆ ಬಂತು. “ಹಾಂ, ಇಂವ” ಎಂದ. ಎಲ್ಲಿ ಸಿಕ್ಕನೆಂದು ಕೇಳಲಿಲ್ಲ. ಹಳ್ಳದ ಒಗೆಯುವ ಕಲ್ಲಿನ ಮೇಲಿಟ್ಟು ಒನಕೆ ಎತ್ತಿದ. ಒಂದೇ ಏಟಿಗೆ ಜೋಕುಮಾರ ಚೂರಾದ. ನೆರೆದವರೆಲ್ಲ ಉಸಿರು ಬಿಟ್ಟರು. ಹೊಳೆವ್ವ ಸೆರಗು ಬಾಯಿಗೆ ಹಿಡಿದು ಒಂದಿಷ್ಟು ಅತ್ತಳು, ಪ್ರತಿ ವರ್ಷದ ಹಾಗೆ.

ಆಗ ಮೈಲಾರಪ್ಪನಿಗೆ ಇನ್ನೊಂದು ಹೆದರಿಕೆ ಹುಟ್ಟಿತು. “ಮಾರೆಪ್ಪಾ, ಈಗ ಸತ್ತಾನಂದ್ರ, ಮತ್ತ ಮೂರು ದಿನಾ ಕುಂದರತೀಯೇನು?”

ಮಾರೆಪ್ಪ ಅದನ್ನು ಯೋಚಿಸಿರಲಿಲ್ಲ. ಒನಕೆ ಊರಿಕೊಂಡು ಹಿರಿಯರ ಮುಖ ನೋಡಿದ. ಹಿರಿಯರು ತಂತಮ್ಮ ಮಾಸಿದ ಅಂಗಿ ನೋಡಿಕೊಂಡರು. “ಮೂರು ದಿನಾ ಆಗಲೇ ಕುಂತೇವಲ್ಲ,” ಎಂದ ಮಾರೆಪ್ಪ ಕೊನೆಗೆ. “ಮುಂಗಡ ಕುಂತಂಗಾತು.” ಅದು ಎಲ್ಲರಿಗೂ ನ್ಯಾಯವೆನಿಸಿತು. ಎಡೆ ಹಿಡಿದರು, ಗಂಟು ಬಿಚ್ಚಿದರು. ತುಸು ಹೊತ್ತಿನಲ್ಲೇ ಹಳ್ಳದ ದಂಡೆಯ ಮೇಲೆ ಊರಿನ ಬಟ್ಟೆಯೆಲ್ಲ ಹರಡಿತ್ತು, ನಡುವೆ ಪಂತರ ಜರಿಯಂಚಿನ ಧೋತರ.

ಮೈಲಾರಪ್ಪ ಹಳ್ಳದ ದಂಡೆಯಲ್ಲಿ ಕುಳಿತು ಮೊದಲ ಸಲ ಮೈ ಸಡಿಲ ಬಿಟ್ಟ. ಜೋಕುಮಾರ ಸತ್ತಿದ್ದ, ಜೋಕುಮಾರ ಮ್ಯೂಜಿಯಮ್ಮಿನಲ್ಲೂ ಇದ್ದ, ಧೋತರ ಒಣಗುತ್ತಿತ್ತು. ಅವನ ಕೈ ಮೇಲೆ ಒಂದು ಹನಿ ಬಿತ್ತು.

ಸತ್ತ ಜೋಕುಮಾರ ದಾರಿಯಲ್ಲಿ ಎಲ್ಲೂ ಕೂತಿರಲಿಕ್ಕಿಲ್ಲ. ಎರಡನೆಯ ಹನಿಯ ಹಿಂದೆಯೇ ಮಳೆ ಸುರಿಯಿತು. ಇಡೀ ತಿಂಗಳು ಬಾರದ ಮಳೆ. ರೈತರು ಓಣಿಗಿಳಿದು ನೆನೆಯುತ್ತ ನಿಂತರು, ಹೆಂಗಸರು ಬಾಗಿಲು ತೆರೆದರು, ರಹಿಮಾಬಿ ಬೆಣ್ಣೆಯ ಲೆಕ್ಕ ಬಿಟ್ಟು ಸೂರಿನ ಕೆಳಗೆ ಕೊಡ ಹಚ್ಚಿದಳು. ಮಾರೆಪ್ಪ ಮಾತ್ರ ಬಟ್ಟೆ ಬಾಚಿಕೊಂಡು ಓಡುತ್ತಿದ್ದ.

ನಾಲ್ಕು ಗಂಟೆಗೆ ಸಾಹೇಬರ ಮೋಟಾರು ಕೆಸರು ಹಾರಿಸುತ್ತ ಬಂತು. ಪಂತರು ಬಾಗಿಲಲ್ಲಿ ಹಾರ ಹಿಡಿದು ನಿಂತಿದ್ದರು. ಒದ್ದೆ ಧೋತರ ಕಾಲಿಗೆ ಸುತ್ತಿಕೊಂಡು, ಹೆಜ್ಜೆ ಇಡಲು ಬಾರದೆ ಕುಪ್ಪಳಿಸಿಯೇ ಮುಂದೆ ಬಂದು ಹಾರ ಹಾಕಿದರು. ಸಾಹೇಬರು ನಕ್ಕರು, ಒಳಗೆ ಕುಳಿತರು. ಚಾವಡಿ ತುಂಬಿತ್ತು. ಬಾಗಿಲ ಹತ್ತಿರ ಶಿದ್ಲಿಂಗಪ್ಪ ಕೊಡೆ ಮಡಿಚಿ ನಿಂತಿದ್ದ. ಅವನ ಪಕ್ಕದಲ್ಲಿ ಗುದ್ಲೆಪ್ಪ ಇದ್ದ, ತನ್ನ ಕೈಕೆಲಸ ಸಾಹೇಬರು ನೋಡುವುದನ್ನು ನೋಡಲು ಬಂದಿದ್ದ.

ಪಂತರು ಭಾಷಣ ಸುರು ಮಾಡಿದರು. ಜಲ್ಲಿಯಾದ ಕುದುರೆಯಿಂದ ಹಿಡಿದು ಮ್ಯೂಜಿಯಮ್ಮಿನ ಧ್ಯೇಯದವರೆಗೆ ಒಂದೂ ಬಿಡದೆ ಹೇಳಿದರು. ಮೈಲಾರಪ್ಪನಿಗೆ ಅದ್ಯಾವುದೂ ಕೇಳಲಿಲ್ಲ. ಅವನಿಗೆ ಕೇಳುತ್ತಿದ್ದದ್ದು ಮೂಲೆಯಲ್ಲಿ ಟಪ್, ಟಪ್ ಎನ್ನುವ ಸಪ್ಪಳ. ಗಡಿಗೆ ತೆಗೆದ ಜಾಗ, ಅಲ್ಲಿ ಮೇಜು, ಮೇಜಿನ ಮೇಲೆ ಅರಿವೆ ಮುಚ್ಚಿಕೊಂಡ ಜೋಕುಮಾರ. ಎದ್ದು ಹೋಗಿ ಸರಿಸಬೇಕೆಂದರೆ ನಡುವೆ ಸಾಹೇಬರ ಕುರ್ಚಿ. ಅರಿವೆಯ ಕೆಳಗಿನ ಎತ್ತರ ಮೆಲ್ಲಗೆ ತಗ್ಗುತ್ತಿರುವುದನ್ನು ಅವನು ನೋಡುತ್ತ ಕುಳಿತ.

ಹೊಳೆವ್ವನನ್ನು ಕರೆದರು. ಸಾಹೇಬರು ಸೀರೆ ಕೊಟ್ಟು, “ತಾಯಿ, ಏಳು ದಿನಾ ಹೊತ್ತ ದೇವರನ್ನ ನಮಗ ಕೊಡಲಿಕ್ಕೆ ನಿನಗ ಮನಸ್ಸು ಹ್ಯಾಂಗ ಬಂತು?” ಎಂದು ಕೇಳಿದರು.

ಕೇಳಿದ ಮೇಲೆ ಹೊಳೆವ್ವ ಹೇಳಿದಳು. “ನಾ ಕೊಟ್ಟಿಲ್ರಿ. ನಮ್ಮ ಜೋಕುಮಾರ ಮಧ್ಯಾಹ್ನ ಹಳ್ಳದಾಗ ಸತ್ತಾನ. ಅದಕ್ಕ ಮಳಿ ಬಂದೈತಿ. ಇಲ್ಲಿರಾಂವ ಯಾರಂತ ನನಗ ಗೊತ್ತಿಲ್ಲ.”

ಸಾಹೇಬರು ಎದ್ದು ಹೋಗಿ ಅರಿವೆ ಎತ್ತಿದರು. ಮೇಜಿನ ಮೇಲೆ ಒಂದು ಕೆಸರಿನ ಮುದ್ದೆ, ಅದರ ತುದಿಯಲ್ಲಿ ಒಂದು ಉಂಡೆ ಬೆಣ್ಣೆ. ಮೀಸೆಯ ಒಂದು ಬದಿ ಇನ್ನೂ ಗುರುತು ಸಿಗುವಂತಿತ್ತು. ನೋಡುತ್ತಿದ್ದಂತೆ ಅದೂ ಜಾರಿತು.

“ನೀರ ತಾಗಿಸಬ್ಯಾಡ್ರಿ ಅಂತ ಹೇಳಿದ್ದೆ” ಎಂದ ಗುದ್ಲೆಪ್ಪ ಬಾಗಿಲಿನಿಂದ, ಬಹಳ ನೊಂದು.

ಪಂತರು ಮೈಲಾರಪ್ಪನ ಕಡೆ ತಿರುಗಿದರು. ಆ ಗಳಿಗೆಯಲ್ಲಿ ಮಳೆ ಜೋರಾಗಿ, ಮೂಲೆಯ ಹಂಚೊಂದು ಕಳಚಿ ಬಿತ್ತು. ನೀರಿನ ಧಾರೆ ಗೋಡೆಗೆ ತೂಗುಹಾಕಿದ್ದ ಆಡೂರಿನ ಶಾಸನದ ಕಾಗದದ ಕಡೆ ಹರಿಯಿತು. ಉಳಿದವರು ನೋಡುವುದರೊಳಗೆ ಮೈಲಾರಪ್ಪ ಮೇಜು ಹಾರಿ, ಕಾಗದಕ್ಕೆ ಬೆನ್ನು ಕೊಟ್ಟು ಧಾರೆಗೆ ಎದೆಯೊಡ್ಡಿ ನಿಂತ. ನೀರು ಅವನ ತಲೆಯ ಮೇಲಿಂದ ಇಳಿಯಿತು. ಬೇರೆಯವರು ಬಂದು ಕಾಗದ ಬಿಚ್ಚಿ ಒಯ್ಯುವವರೆಗೆ ಅವನು ಅಲ್ಲಿಂದ ಕದಲಲಿಲ್ಲ. ಆಗ ಅವನಿಗೆ ಕಾಯಂ ನೆನಪಿರಲಿಲ್ಲ, ತೌಡೂ ನೆನಪಿರಲಿಲ್ಲ.

ಸಾಹೇಬರು ಅವನ ಕಡೆ ಕೈ ಮಾಡಿ ತೋರಿಸಿದರು. “ಪಂತರ,” ಎಂದರು, “ಜೋಕುಮಾರನ ಸುದ್ದಿ ಇರಲಿ. ಹಾಳಾಗೂದನ್ನ ಉಳಸೂದು ಅಂದ್ರ ಏನು ಅಂತ ಈ ಮನುಷ್ಯಾ ತೋರಿಸ್ಯಾನ. ನಿಮ್ಮ ಗ್ರಾಂಟು ಮಂಜೂರು.”

ಚಾವಡಿಯಲ್ಲಿ ಚಪ್ಪಾಳೆ ಬಿತ್ತು. ದಾನವ್ವ ಹೆಂಗಸರ ನಡುವಿನಿಂದ ಕತ್ತೆತ್ತಿ ನೋಡಿದಳು. ಶಿದ್ಲಿಂಗಪ್ಪ ಪೇಢೆಗೆ ಜೇಬು ತಡವಿದ. ತೊಯ್ದ ಮೈಲಾರಪ್ಪನ ಕಣ್ಣಲ್ಲೂ ನೀರು ಬಂತು, ಮಳೆಯಲ್ಲಿ ಯಾರಿಗೂ ತಿಳಿಯಲಿಲ್ಲ.

“ಗ್ರಾಂಟು ಪೂರಾ ಹಂಚಿಗೆ ಹಾಕ್ರಿ” ಎಂದು ಸಾಹೇಬರು ಮಾತು ಮುಂದುವರಿಸಿದರು. “ನೌಕರನ್ನ ಕಾಯಂ ಮಾಡೂದು ಮುಂದ ಯಾವಾಗರೆ ನೋಡೋಣ. ಮನುಷ್ಯಾ ತೊಯ್ದರ ಒಣಗತಾನ, ಕಾಗದ ಒಣಗೂದಿಲ್ಲ. ಊರೊಳಗ ಹಂಚು ಮಾಡಾವ್ರು ಯಾರರೆ ಅದಾರೇನು?”

“ನಾ ಅದೇನ್ರಿ” ಎಂದ ಗುದ್ಲೆಪ್ಪ ಮುಂದೆ ಬಂದು.

ಸಾಹೇಬರ ಮೋಟಾರು ಹೋಯಿತು. ಜನ ಕರಗಿದರು. ಶಿದ್ಲಿಂಗಪ್ಪ ಕೊಡೆ ಬಿಚ್ಚಿ ಅಳಿಯನ ತಲೆಯ ಮೇಲೆ ಹಿಡಿದ. “ನಡೀರಿ,” ಎಂದ, “ತೊಯ್ದೀರಿ. ತೌಡಿನ ಮೂಲ್ಯಾಗ ಬೆಚ್ಚಗ ಇರತೈತಿ.” ದಾನವ್ವ ಗಂಡನ ಒದ್ದೆ ರುಮಾಲು ಹಿಂಡಿ ಹೆಗಲಿಗೆ ಹಾಕಿಕೊಂಡು ಹಿಂದೆ ನಡೆದಳು.

ಮರುದಿನ ಬೆಳಿಗ್ಗೆ ಮೈಲಾರಪ್ಪ ಹೊಸ ಚಾಪೆಯ ಮೇಲೆ ಕುಳಿತು ಮೊದಲ ಸೀನು ಸೀನುವಷ್ಟರಲ್ಲಿ ಮಿಲ್ಲಿನ ಮುಂದೆ ಒಂದು ಚಕ್ಕಡಿ ನಿಂತಿತು. ಗುದ್ಲೆಪ್ಪ ಇಳಿದ. ಮ್ಯೂಜಿಯಮ್ಮಿನ ಹಂಚು ಸುಡಬೇಕಿತ್ತು, ಆವಿಗೆಗೆ ಹೊಟ್ಟು ಬೇಕಿತ್ತು, ಒಂದು ಚಕ್ಕಡಿ ತುಂಬ.

“ಗುಮಾಸ್ತರ, ಮುಂದಿನ ವರ್ಷಕ್ಕ ಒಂದು ಜೋಕುಮಾರನ್ನ ಈಗಿಂದನ ಒಣಗಾಕ ಇಡ್ಲೇನ್ರಿ?” ಎಂದು ಕೇಳಿದ.

ಮೈಲಾರಪ್ಪ ಬುಟ್ಟಿ ತೆಗೆದುಕೊಂಡು ಚೀಲಕ್ಕೆ ಹೊಟ್ಟು ತುಂಬತೊಡಗಿದ.